ಮಂಜಿನಂಗಳದ ಮನೆಮಕ್ಕಳು

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಯಲು, ಚೆಂಡು. ಚಳಿಯ ದೇಶಗಳಲ್ಲಿ ಹಾಗಲ್ಲ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ ಜಾರುತ್ತ, ರಬ್ಬರಿನ ಬಿಲ್ಲೆಯೊಂದನ್ನು ಅಟ್ಟಿಸಿಕೊಂಡು ಹೋಗುವ ಐಸ್ ಹಾಕಿಯೇ ಅಲ್ಲಿ ಹಾಕಿ. ಈ ಆಟದಲ್ಲಿ ಬ್ರಿಟನ್ ಒಮ್ಮೆ ಒಲಿಂಪಿಕ್ ಚಿನ್ನ ಗೆದ್ದಿತ್ತೆಂದರೆ ಬೆರಗಾದೀತು. 1936ರಲ್ಲಿ, ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ, ಅದು ಆಟದ ತವರಾದ ಕೆನಡಾವನ್ನೇ 2-1ರಿಂದ ಸೋಲಿಸಿತು. ಗೋಲು ಕಾದ ಜಿಮ್ಮಿ ಫಾಸ್ಟರ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, ಬೆಳೆದದ್ದು ಕೆನಡಾದ ವಿನಿಪೆಗ್‌ನಲ್ಲಿ. ತಂಡದ ಹೆಚ್ಚಿನವರ ಕಥೆಯೂ ಇದೇ. ಪದಕವೇನೋ ಸ್ವಂತದ್ದು, ಆಟ ಮಾತ್ರ ಎರವಲು!

ಎರವಲಿನ ರುಚಿ ಹತ್ತಿದವರಿಗೆ ಬೇಸಾಯ ಬೇಡವಾಗುತ್ತದೆ. 1994ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೇಲಿನ ವಿಭಾಗದಲ್ಲಿ ಆಡಲು ಇಟಲಿಗೆ ಹೋದ ಬ್ರಿಟನ್ ತಂಡದಲ್ಲೂ ಕೆನಡಾದಲ್ಲಿ ಪಳಗಿದವರು ಹಲವರಿದ್ದರು. ಎಲ್ಲ ಪಂದ್ಯಗಳನ್ನೂ ಸೋತು ತಂಡ ಕೆಳಗಿಳಿಯಿತು. 1996ರಲ್ಲಿ ಆರಂಭವಾದ ಸೂಪರ್‌ಲೀಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೊರಗಿನ ಆಟಗಾರರಿಂದಲೇ ತುಂಬಿಕೊಂಡಿತು. ಜನ ಬಂದರು, ದೀಪ ಝಗಮಗಿಸಿತು, 2003ರಲ್ಲಿ ಲೀಗೇ ಮುಚ್ಚಿಹೋಯಿತು.

ಹೊರಗಿನವರು ಬಂದರೆ ಊರಿನ ಹುಡುಗನಿಗೆ ಏನು ನಷ್ಟ? ಉತ್ತರ ನಿಮಿಷಗಳ ಲೆಕ್ಕದಲ್ಲಿದೆ. ಐಸ್ ಹಾಕಿಯ ತಂಡ ಮೂರು ನಾಲ್ಕು ಸಾಲುಗಳಾಗಿ ಆಡುತ್ತದೆ. ಒಂದು ಸಾಲು ಒಂದು ನಿಮಿಷದೊಳಗೇ ದಣಿದು ಮರಳುತ್ತದೆ, ಇನ್ನೊಂದು ಇಳಿಯುತ್ತದೆ. ಪಂದ್ಯ ಬಿಗಿಯಾದಾಗ ತರಬೇತುದಾರ ಕೊನೆಯ ಸಾಲನ್ನು ಬೆಂಚಿನಲ್ಲೇ ಕೂರಿಸುತ್ತಾನೆ. ಹದಿನೆಂಟರ ಸ್ಥಳೀಯ ಹುಡುಗ ಇರುವುದು ಆ ಸಾಲಿನಲ್ಲೇ! ಜೆರ್ಸಿ ಸಿಕ್ಕಿತು, ಆಟ ಸಿಗಲಿಲ್ಲ. ಈಜು ಕಲಿಯುವವನನ್ನು ದಡದಲ್ಲಿ ಕೂರಿಸಿದಂತೆ.

ಅಲ್ಲಿಯವರೆಗೆ ಬರುವುದೂ ಸುಲಭವಲ್ಲ. ಮಂಜುಗಡ್ಡೆ ಕರಗದಂತೆ ಯಂತ್ರಗಳು ಹಗಲಿರುಳು ಓಡಬೇಕು. ಆ ಖರ್ಚು ಹುಟ್ಟಬೇಕಾದರೆ ಟಿಕೆಟ್ ಕೊಂಡು ಜಾರಲು ಬರುವವರಿಗೆ ಒಳ್ಳೆಯ ಹೊತ್ತನ್ನು ಬಿಟ್ಟುಕೊಡಬೇಕು. ಮಕ್ಕಳ ಅಭ್ಯಾಸಕ್ಕೆ ಎಷ್ಟೋ ಕಡೆ ಉಳಿಯುವುದು ನಸುಕು, ಇಲ್ಲವೇ ಊಟದ ಹೊತ್ತು ಮೀರಿದ ರಾತ್ರಿ. ಚಳಿಗಾಲದ ಕತ್ತಲಲ್ಲಿ ಮಗುವನ್ನೆಬ್ಬಿಸಿ, ಅದರಷ್ಟೇ ದೊಡ್ಡ ಚೀಲವನ್ನು ಕಾರಿಗೇರಿಸಿ ಹೊರಡುವ ಅಪ್ಪ ಅಮ್ಮಂದಿರೇ ಈ ಆಟದ ನಿಜವಾದ ಆಯ್ಕೆ ಸಮಿತಿ ಎನ್ನಬೇಕು. ಬೆಳೆಯುವ ಕಾಲಿಗೆ ಸ್ಕೇಟ್ ಬೇಗ ಚಿಕ್ಕದಾಗುತ್ತದೆ, ಹೊಸದರ ಬೆಲೆ ಚಿಕ್ಕದಾಗುವುದಿಲ್ಲ.

ಇಂಥ ನೆಲದಲ್ಲೂ ಬೆಳೆ ಬಂದದ್ದುಂಟು. ಎಡಿನ್‌ಬರೋದ ಟೋನಿ ಹ್ಯಾಂಡ್‌ನನ್ನು 1986ರಲ್ಲಿ ಅಮೆರಿಕ-ಕೆನಡಾಗಳ ಎನ್‌ಎಚ್‌ಎಲ್ ಲೀಗಿನ ಎಡ್ಮಂಟನ್ ಆಯಿಲರ್ಸ್ ಆರಿಸಿಕೊಂಡಿತು. ವೇಯ್ನ್ ಗ್ರೆಟ್ಸ್‌ಕಿಯಂಥ ದಿಗ್ಗಜನ ತಂಡ ಅದು. ಬ್ರಿಟನ್ನಿನಲ್ಲೇ ಆಟ ಕಲಿತವನಿಗೆ ಅಂಥ ಕರೆ ಅದೇ ಮೊದಲು. ಹತ್ತೊಂಬತ್ತರ ಹುಡುಗ ಹೋದ, ಮನೆಯ ನೆನಪು ಕಾಡಿತು, ಮರಳಿ ಬಂದು ಊರಿನ ರಿಂಕುಗಳಲ್ಲೇ ದಶಕಗಳ ಕಾಲ ಆಡಿದ. ಅದನ್ನು ಸೋಲೆನ್ನುವುದು ತಪ್ಪಾದೀತು.

2018ರಲ್ಲಿ ಯಾರ್ಕ್‌ಷೈರಿನ ಒಂದು ಕಾಲದ ಗಣಿ ಊರಾದ ಮಾಲ್ಟ್‌ಬಿಯ ಲಿಯಮ್ ಕರ್ಕ್‌ನನ್ನು ಅರಿಜೋನಾ ಕಯೋಟೀಸ್ ಆಯ್ದುಕೊಂಡಿತು. ಆಯ್ಕೆಯ ಸರದಿಯಲ್ಲಿ ಅವನದು 189ನೆಯ ಸ್ಥಾನ. ಇಂಗ್ಲೆಂಡಿನಲ್ಲೇ ಹುಟ್ಟಿ, ಆಟ ಕಲಿತವರಲ್ಲಿ ಮೊದಲಿಗ. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಏಳು ಗೋಲು ಹೊಡೆದು, ಅತಿ ಹೆಚ್ಚು ಗೋಲಿನ ಗೌರವವನ್ನು ಹಂಚಿಕೊಂಡ.

ಕರ್ಕ್ ಆಯ್ಕೆಯಾದ ವರ್ಷವೇ ಬುಡಾಪೆಸ್ಟ್‌ನಲ್ಲಿ ರಾಷ್ಟ್ರೀಯ ತಂಡವೂ ಗೆದ್ದಿತು. ಹಂಗರಿಯ ಎದುರು ಹದಿನಾರೇ ಸೆಕೆಂಡು ಉಳಿದಿದ್ದಾಗ ನಾಟಿಂಗ್‌ಹ್ಯಾಮಿನ ರಾಬರ್ಟ್ ಫಾರ್ಮರ್ ಸಮ ಮಾಡಿದ. 1994ರ ನಂತರ ಮೊದಲ ಬಾರಿಗೆ ಬ್ರಿಟನ್ ಮೇಲೇರಿತು. ಮರುವರ್ಷ ಫ್ರಾನ್ಸ್ ಎದುರು 0-3ರಿಂದ ಹಿಂದೆ ಬಿದ್ದಿದ್ದ ತಂಡ 4-3ರಿಂದ ಗೆದ್ದಿತು. ಕೊನೆಯ ಗೋಲು ಕಾರ್ಡಿಫ್‌ನ ಬೆನ್ ಡೇವಿಸ್‌ನದು. ಈ ಸಲ ತಂಡದ ಬಹುಪಾಲು ಮನೆಮಕ್ಕಳೇ. ಬಳಿಕ ಇಳಿದದ್ದೂ ಉಂಟು, 2023ರಲ್ಲಿ, ಮತ್ತೆ 2025ರಲ್ಲಿ ಏರಿದ್ದೂ ಉಂಟು.

ಈ ಎರಡೂ ಗೆಲುವುಗಳ ನಾಯಕ ಜೊನಾಥನ್ ಫಿಲಿಪ್ಸ್ ಕೂಡ ಕಾರ್ಡಿಫ್‌ನವನೇ. ಆ ಊರಿನಲ್ಲಿ 1986ರಲ್ಲಿ ತೆರೆದಿದ್ದ ರಿಂಕನ್ನು 2006ರಲ್ಲಿ ಅಂಗಡಿ ಸಂಕೀರ್ಣಕ್ಕಾಗಿ ಕೆಡವಲಾಯಿತು. ಹತ್ತು ವರ್ಷ ಆಟ ನಡೆದದ್ದು ದೊಡ್ಡದೊಂದು ನೀಲಿ ಡೇರೆಯಲ್ಲಿ. 2016ರಲ್ಲಿ ಹೊಸ ಕಟ್ಟಡ ಬಂತು. ಅದರಲ್ಲಿ ಎರಡು ಮಂಜಿನಂಗಳಗಳಿವೆ: ಒಂದರಲ್ಲಿ ದೊಡ್ಡವರ ಪಂದ್ಯ ನಡೆಯುತ್ತಿದ್ದರೂ ಇನ್ನೊಂದರಲ್ಲಿ ಮಕ್ಕಳು ಜಾರಿ ಬಿದ್ದು ಕಲಿಯಬಹುದು.