ತಾಯಿಯಿಂದ ಮಗಳಿಗೆ ಬಂದ ನಾಡು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಈಗ ಮನೆಗಳಿಗಿಂತ ಗುಡಿಗಳೇ ಹೆಚ್ಚು. ಮೆಕ್ಕೆಜೋಳದ ಹೊಲ ದಾಟಿ ಮರಗಳ ನೆರಳಿಗೆ ಬರುತ್ತಿದ್ದಂತೆ ಕಲ್ಲುಗಳು ಒಂದೊಂದಾಗಿ ಎದ್ದು ನಿಂತವು. ಸೋಮೇಶ್ವರನ ಗುಡಿಯ ಬಾಗಿಲ ಪಕ್ಕದ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತಗಳನ್ನು ಸಾಲುಸಾಲಾಗಿ ಕೊರೆದಿದ್ದಾರೆ. ಬೆಳಕು ತೂರಿ ಬರುವ ಕಿಂಡಿಗೂ ಕಥೆಗೂ ನಡುವೆ ಒಂದು ಬೆರಳಿನಷ್ಟು ಕಲ್ಲು. ಅಲ್ಲೇ ನಿಂತುಬಿಡಬಹುದಿತ್ತು. ಆದರೆ ನಾನು ಬಂದದ್ದು ಜಕ್ಕಿಯಬ್ಬೆಯ ಊರು ನೋಡಲು.

ಆಗ ಇದರ ಹೆಸರು ಬಂದಣಿಕೆ, ಜೈನರ ತೀರ್ಥ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ. ಬನವಾಸಿ 12000 ಎಂಬ ಪ್ರಾಂತ ಮಹಾಸಾಮಂತ ಕಲಿವಿಟ್ಟರಸನ ಕೈಯಲ್ಲಿತ್ತು. ಅದರೊಳಗಿನ ನಾಗರಖಂಡ 70ಕ್ಕೆ ಸತ್ತರಸ ನಾಗಾರ್ಜುನ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ. 911ರ ಸುಮಾರಿಗೆ ಅವನು ತೀರಿಕೊಂಡ. ಪಟ್ಟ ಬರಿದಾಯಿತು. ಅದನ್ನು ಅವನ ಹೆಂಡತಿ ಜಕ್ಕಿಯಬ್ಬೆಗೇ ಕೊಟ್ಟರು.

ಈ ಮಾತನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಆಳಿದ ಹೆಂಗಸರು ನಮ್ಮಲ್ಲಿ ಬೇರೆಯವರೂ ಇದ್ದಾರೆ. ನೂರು ವರ್ಷದ ನಂತರ ಚಾಲುಕ್ಯರ ಅಕ್ಕಾದೇವಿ ಆಳಿದಳು, ಕೋಟೆಗೆ ಮುತ್ತಿಗೆಯನ್ನೂ ಹಾಕಿದಳು. ಆದರೆ ಅವಳು ಚಕ್ರವರ್ತಿಯ ಅಕ್ಕ. ಜಕ್ಕಿಯಬ್ಬೆ ಒಬ್ಬ ಗಾವುಂಡನ ಮನೆಯ ಹೆಣ್ಣು. ಗಾವುಂಡ ಎಂದರೆ ಇವತ್ತಿನ ನಮ್ಮ ಗೌಡ ಎಂಬ ಮಾತಿನ ಮೂಲ. 70 ಹಳ್ಳಿಗಳ ತೆರಿಗೆ, ತಕರಾರು, ಕಾವಲು ಎಲ್ಲ ಅವಳ ತಲೆಯ ಮೇಲೆ ಬಂತು. ಅವಳ ಬಗೆಗಿನ ಶಾಸನ ಆಡಳಿತದ ಜಾಣ್ಮೆಯನ್ನು ಹೊಗಳುತ್ತದೆ, ಜಿನಭಕ್ತಿಯನ್ನೂ ಹೊಗಳುತ್ತದೆ.

ಆಮೇಲೆ ಕಾಯಿಲೆ ಬಿದ್ದಳು. ಆಗ ಅವಳು ನಾಡನ್ನು ಮಗಳಿಗೆ ಒಪ್ಪಿಸಿದಳು. ಒಪ್ಪಿಸಿ ಈ ಬಂದಣಿಕೆಗೆ ಬಂದಳು, ಬಸದಿಯಲ್ಲಿ ಅನ್ನ ತೊರೆದು ವ್ರತ ಹಿಡಿದು ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ. ವಂಶವೃಕ್ಷ ಎಂದರೆ ಅಪ್ಪ-ಮಗ ಎಂದೇ ಬರೆದು ಕಲಿತ ಕೈ ನನ್ನದು. ಆ ರೇಖೆ ಇಲ್ಲಿ ಬೇರೆ ಕಡೆಗೆ ಹರಿದಿದೆ.

ಇಲ್ಲಿನ ಶಾಂತಿನಾಥ ಬಸದಿಯ ಕಟ್ಟಡಕ್ಕೆ ನಂತರದ ಕೈಗಳೂ ಸೇರಿವೆ ಎಂದು ಗೊತ್ತಿದ್ದರೂ ನೆಲದ ಮೇಲೆ ಅಂಗೈ ಇಟ್ಟು ನೋಡಿದೆ. ಮಧ್ಯಾಹ್ನದ ಬಿಸಿಲಲ್ಲೂ ಒಳಗಿನ ಕಲ್ಲು ತಣ್ಣಗಿತ್ತು. ಹಸಿವನ್ನು ಸಾವಿನ ತನಕ ನೋಡಿಕೊಂಡು ಕೂತ ಅವಳ ಬೆನ್ನಿಗೆ ಇಂಥದೇ ಒಂದು ಕಂಬ ಆಸರೆಯಾಗಿತ್ತೇನೋ. ಮಗಳು ಆ ದಿನಗಳಲ್ಲಿ ಇಲ್ಲಿದ್ದಳೋ, ದೂರದ ಹಳ್ಳಿಯಲ್ಲಿ ಲೆಕ್ಕ ಕೇಳುತ್ತಾ ಕೂತಿದ್ದಳೋ ಎಂದು ಮನಸ್ಸು ಅಲ್ಲೇ ಸುತ್ತಿತು.

ಹೊರಗೆ ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು, "ಏನ್ ಹುಡುಕ್ತೀಯಪ್ಪ?" ಅಂದರು.

"ಈ ಸೀಮೆಗೆ ಗೌಡಿಕೆ ಮಾಡಿದ ಒಬ್ಬ ಹೆಂಗಸಿದ್ದಳಜ್ಜಿ, ಸಾವಿರದ ನೂರು ವರ್ಷದ ಹಿಂದೆ. ಗಂಡ ಸತ್ತ ಮೇಲೆ ಮಾಡಿದ್ದು."

"ಆಮೇಲೆ?"

"ಮಗಳಿಗೆ ಕೊಟ್ಟಳು."

ಅಜ್ಜಿ ಕೋಲನ್ನು ನೆಲಕ್ಕೂರಿ ಬಸದಿಯ ಕಡೆ ಹೊಸದಾಗಿ ಕಂಡಂತೆ ನೋಡಿದರು. "ಎಲ್ಲಿ ಕೂತಿದ್ಲು, ತೋರ್ಸು" ಅಂದು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟರು.