ಉಮ್ಮನ ಮಾತ್ರೆ

ಕೊಲೆಸ್ಟರಾಲ್ ಹೆಚ್ಚಿದೆಯೆಂದು ವೈದ್ಯರು ಉಮ್ಮನಿಗೆ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರು. ಎರಡು ವಾರ ನುಂಗಿದ ಉಮ್ಮ ಒಂದು ರಾತ್ರಿ ಮಾತ್ರೆಯನ್ನು ಬದಿಗಿಟ್ಟರು.

"ಇದನ್ನು ಮೊದಲು ಮೊಲಗಳಿಗೆ ತಿನ್ನಿಸಿ ನೋಡುತ್ತಾರಂತೆ, ನಿನ್ನ ಮಗಳು ಹೇಳಿದಳು. ಮೂಕಪ್ರಾಣಿಗಳಿಗೆ ನೋವು ಕೊಟ್ಟು ಮಾಡಿದ್ದು ನನಗೆ ಬೇಡ. ಮದ್ರಸದಲ್ಲಿ ಕಲಿಸುವವಳಲ್ಲವೇ ನೀನು, ಹೇಳು, ಇದು ಸರಿಯಾ?"

ತಟ್ಟನೆ ಉತ್ತರ ಹೊಳೆಯಲಿಲ್ಲ. ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿ ಶಿಕ್ಷೆಗೆ ಗುರಿಯಾದ ಹೆಣ್ಣಿನ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವವಳೇ ನಾನು. ಆ ವಾರವೆಲ್ಲ ಹುಡುಕಿ ಓದಿದೆ.

ರಷ್ಯಾದ ನಿಕೊಲಾಯ್ ಅನಿಚ್ಕೋವ್ 1913ರಲ್ಲಿ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲ್ ತಿನ್ನಿಸಿದ್ದರು. ಅವುಗಳ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡಿತು. ನಮ್ಮ ಹೃದಯದ ಕಾಯಿಲೆಯ ಒಂದು ಗುಟ್ಟು ಬಯಲಾದದ್ದು ಹೀಗೆ.

1973ರಲ್ಲಿ ಜಪಾನಿನ ಅಕಿರ ಎಂಡೊ, ದೇಹವು ಕೊಲೆಸ್ಟರಾಲ್ ತಯಾರಿಸುವುದನ್ನು ತಡೆಯುವ ವಸ್ತುವೊಂದನ್ನು ಬೂಷ್ಟಿನಲ್ಲಿ ಕಂಡುಹಿಡಿದರು. ಆದರೆ ಇಲಿಗಳಿಗೆ ಕೊಟ್ಟಾಗ ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಅಲ್ಲಿಗೇ ಎಲ್ಲವೂ ಮುಗಿಯಬೇಕಿತ್ತು. ಮೊಟ್ಟೆಯ ಹಳದಿಯಲ್ಲಿ ಕೊಲೆಸ್ಟರಾಲ್ ತುಂಬಿರುತ್ತದೆ, ಹಾಗಾದರೆ ಕೋಳಿಯ ದೇಹ ಅದನ್ನು ಹೇರಳವಾಗಿ ತಯಾರಿಸುತ್ತಿರಬೇಕು ಎಂಬ ಯೋಚನೆ ಬಂದು, 1976ರಲ್ಲಿ ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟು ನೋಡಿದರು. ಇಳಿಯಿತು! ಬಳಿಕ ನಾಯಿ, ಮಂಗಗಳಲ್ಲೂ ಇಳಿಯಿತು.

ಕೋಬೆ ನಗರದ ಯೋಶಿಯೊ ವಟನಾಬೆಯವರಿಗೆ ಸಿಕ್ಕಿದ ಒಂದು ಮೊಲಕ್ಕೆ ಸಾಮಾನ್ಯ ಮೇವು ತಿಂದರೂ ಕೊಲೆಸ್ಟರಾಲ್ ವಿಪರೀತ. ಅದರ ಸಂತತಿಯನ್ನೇ ಬೆಳೆಸಿದರು. ಹುಟ್ಟಿನಿಂದಲೇ ಇಂತಹ ದೋಷವಿದ್ದು ಎಳೆವಯಸ್ಸಿನಲ್ಲೇ ಹೃದಯಾಘಾತಕ್ಕೀಡಾಗುವ ಮಕ್ಕಳ ಕಾಯಿಲೆಯನ್ನು ಅರಿಯಲು ಆ ಮೊಲಗಳು ನೆರವಾದವು. 1987ರಲ್ಲಿ ಅಮೆರಿಕದಲ್ಲಿ ಮೊದಲ ಸ್ಟ್ಯಾಟಿನ್ ಮಾತ್ರೆಗೆ ಅನುಮತಿ ದೊರೆಯಿತು.

ಇದನ್ನೆಲ್ಲ ಉಮ್ಮನಿಗೆ ಹೇಳಿದೆ. "ನಾನು ಫತ್ವಾ ಕೊಡುವವಳಲ್ಲ ಉಮ್ಮ. ಜೀವವಿರುವುದನ್ನು ಗುರಿಯಿಟ್ಟು ಹೊಡೆದು ಮೋಜು ಮಾಡುವುದನ್ನು ಪ್ರವಾದಿವರ್ಯರು(ಸ) ತಡೆದರು. ಚಿಕಿತ್ಸೆ ಪಡೆಯಿರಿ ಎಂದೂ ಅವರೇ ಕಲಿಸಿದರು. ಮೋಜು ಬೇರೆ, ಪ್ರಾಣ ಉಳಿಸುವ ಅಗತ್ಯ ಬೇರೆ. ಆದರೆ ಅಗತ್ಯದ ಹೆಸರಿನಲ್ಲಿ ಮಿತಿ ಮೀರಬಾರದು. ಪ್ರಾಣಿಯಿಲ್ಲದೆ ಸಾಧ್ಯವಾಗುವಲ್ಲಿ ಪ್ರಾಣಿಯನ್ನು ಬಳಸಬಾರದು, ಬಳಸಿದರೂ ನೋವು ಕಡಿಮೆ ಮಾಡಬೇಕು. ಲೆಕ್ಕ ಕೇಳುವವನು ಅಲ್ಲಾಹನು."

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇದನ್ನು ಬಿಸಾಡಿದರೆ ಆ ಮೊಲಗಳಿಗೂ ಅನ್ಯಾಯ" ಎಂದು ಬಿಸ್ಮಿಲ್ಲಾಹ್ ಹೇಳಿ ಮಾತ್ರೆ ನುಂಗಿದರು.

ಸಹೋದರಿಯರೇ, ರಿಪೋರ್ಟ್ ಸರಿಯಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವವರು ನಮ್ಮಲ್ಲೂ ಇದ್ದೇವೆ. ಆ ಪುಟ್ಟ ಮಾತ್ರೆಯ ಹಿಂದೆ ಎಷ್ಟು ಜೀವಗಳ ಋಣವಿದೆಯೆಂದು ಒಮ್ಮೆ ನೆನೆಯೋಣ.