ರ, ಗ, ಸ, ದ, ಅ

17 ಏಪ್ರಿಲ್ 2025, ಗುರುವಾರ

ನಿನ್ನೆ ಸರ್ಕಾರದ ಘೋಷಣೆ ಬಂತು. ಜೂನ್ ಒಂದಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ಕ್ಲಾಸು ಎಂಬ ನಿಯಮ ಈ ವರ್ಷದ ಮಟ್ಟಿಗೆ ಸಡಿಲವಾಗಿದೆ. ಐದು ವರ್ಷ ಐದು ತಿಂಗಳಾಗಿದ್ದರೆ ಸಾಕು, ಅದೂ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ. ಮಗಳು ಚಿನ್ನಿ ಹುಟ್ಟಿದ್ದು 2019ರ ನವೆಂಬರಿನಲ್ಲಿ, ಹಾಗಾಗಿ ಸೇರಿಸಬಹುದು. ಬೆಳಿಗ್ಗೆ ಅಮ್ಮನ ಫೋನು, ಆಮೇಲೆ ನಾದಿನಿಯದು. ಇಬ್ಬರದೂ ಒಂದೇ ಮಾತು: ಬಚಾವ್, ಒಂದು ವರ್ಷ ಉಳೀತು.

ಉಳಿಸಿದ ಆ ವರ್ಷವನ್ನು ಮುಂದೆ ಎಲ್ಲಿ ಖರ್ಚು ಮಾಡಬೇಕೋ ಯಾರೂ ಹೇಳಲಿಲ್ಲ. ಯುಕೆಜಿಗೆ ವ್ಯಾನಿನಲ್ಲಿ ತೀರ್ಥಹಳ್ಳಿಗೆ ಹೋಗಿ ಬಂದದ್ದು ಸಾಕಾಗಿದೆ. ಏಳೂಕಾಲಿಗೆ ಮನೆ ಬಿಟ್ಟರೆ ಬರುವಾಗ ಸಂಜೆ ಐದು. ತಿರುವಿನ ರಸ್ತೆ, ದಿನ ಬಿಟ್ಟು ದಿನ ವಾಂತಿ. ಊರಿನ ಕಿರಿಯ ಪ್ರಾಥಮಿಕ ಶಾಲೆ ಇದ್ದಿದ್ದರೆ ಈ ಯೋಚನೆಯೇ ಬರುತ್ತಿರಲಿಲ್ಲ. ಅದಕ್ಕೆ ಮಕ್ಕಳಿಲ್ಲದೆ ಬೀಗ ಬಿದ್ದಿದೆ.

ಊಟ ಆದ ಮೇಲೆ ಇವರಿಗೆ ಹೇಳಿದೆ, ಈ ವರ್ಷ ಮನೆಯಲ್ಲೇ ಕಲಿಸೋಣ ಅಂತ. ತಕರಾರು ಮಾಡಲಿಲ್ಲ. "ಕಲಿಸು ಮಾರಾಯ್ತಿ. ಆದ್ರೆ ಎಂಥ ಕಲಿಸ್ತೀಯ ಅಂತ ಮೊದ್ಲು ಹೇಳು" ಅಂದರು.

27 ಏಪ್ರಿಲ್, ಭಾನುವಾರ

ಒಂದು ವಾರ ಬರೀ ಹುಡುಕಾಟ. ಬೆಂಗಳೂರಿನ ಒಂದು ಕಂಪನಿಯವರದು ದೊಡ್ಡ ಪೆಟ್ಟಿಗೆ. ಬಣ್ಣದ ಹಾಳೆ, ಮರದ ಅಂಕಿ, ಅಂಟಿಸುವ ಚಿತ್ರ, ಜೊತೆಗೆ ಪೋಷಕರಿಗೊಂದು ಕೈಪಿಡಿ. ಬೆಲೆ ಕೇಳಿ ಇವರು ಅಡಿಕೆಯಲ್ಲಿ ಲೆಕ್ಕ ಹಾಕಿದರು, ನಾನು ಹಾಕಲಿಲ್ಲ. ಮಾದರಿ ಪುಟಗಳನ್ನು ಕಳಿಸಿದ್ದರು, ಕೂತು ಓದಿದೆ.

ಮೂವತ್ತಾರು ವಾರ, ವಾರಕ್ಕೆ ಐದು ದಿನ, ಪ್ರತಿ ದಿನಕ್ಕೂ ಒಂದು ಚೌಕ. ಆ ಚೌಕದಲ್ಲಿ ತಾಯಿ ಏನು ಹೇಳಬೇಕು ಎಂಬುದನ್ನೂ ಬರೆದಿದ್ದಾರೆ. "ಈಗ ಮಗುವನ್ನು ಹೊಗಳಿ" ಅಂತ ಕೂಡ. ಕೆಟ್ಟದ್ದೇನಲ್ಲ, ಅಂದವಾಗಿಯೇ ಮಾಡಿದ್ದಾರೆ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಒಬ್ಬ ತಾಯಿ ಇದ್ದಾಳೆ: ಒಂಬತ್ತೂವರೆಗೆ ಮೇಜಿನ ಮುಂದೆ ಕೂರುವವಳು, ಬೇರೆ ಯಾವ ಕೆಲಸವೂ ಇಲ್ಲದವಳು. ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ಆಳುಗಳ ತಿಂಡಿ. ಅದು ಮುಗಿದರೆ ಸೊಸೈಟಿಯ ಲೆಕ್ಕದ ಪುಸ್ತಕ ನನಗಾಗಿ ಕಾಯುತ್ತಿರುತ್ತದೆ. ಮೂರು ದಿನದ ಚೌಕ ಖಾಲಿ ಬಿದ್ದರೆ ನಾಲ್ಕನೇ ದಿನ ನಾನು ಮಗುವಿನ ಮೇಲೆ ರೇಗುತ್ತೇನೆ, ನನಗೆ ನನ್ನ ಪರಿಚಯ ಇದೆ.

ಪೆಟ್ಟಿಗೆ ಬೇಡ. ಇವರಿಗೆ ಸ್ವಲ್ಪ ಬೇಜಾರಾಯಿತು. ಪೆಟ್ಟಿಗೆ ಬಂದಿದ್ದರೆ ಕೇಳಿದವರಿಗೆ ತೋರಿಸಲು ಒಂದು ವಸ್ತು ಇರುತ್ತಿತ್ತು ಅಂತ.

11 ಮೇ, ಭಾನುವಾರ

ಟೆಕ್ಸಾಸಿನಿಂದ ಚಿಕ್ಕಮ್ಮನ ಮಗಳು ವಿಡಿಯೋ ಕಾಲ್ ಮಾಡಿದ್ದಳು. ಅವಳು ಇಬ್ಬರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಾಳೆ. ಅಲ್ಲಿ ಅದು ಸಲೀಸು. 1994ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಮನೆಶಾಲೆಯನ್ನು ಖಾಸಗಿ ಶಾಲೆಯ ಸಾಲಿಗೆ ಸೇರಿಸಿದೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತೆ, ಇಷ್ಟು ಕಲಿಸಿದರಾಯಿತು. ಗಣಿತಕ್ಕೇ ಹತ್ತಾರು ಬಗೆ ಸಿಗುತ್ತದಂತೆ. ಇವಳದು ಸಿಂಗಪುರದ ಪದ್ಧತಿ: ಮೊದಲು ಕೈಗೆ ವಸ್ತು, ಆಮೇಲೆ ಅದರ ಚಿತ್ರ, ಕೊನೆಗೆ ಅಂಕಿ. ಹೋದ ಶತಮಾನದ ಆರಂಭದಲ್ಲೇ ಷಾರ್ಲೆಟ್ ಮೇಸನ್ ಎಂಬ ಇಂಗ್ಲೆಂಡಿನ ಶಿಕ್ಷಕಿ ಹೇಳಿದ್ದನ್ನು ಇಂದಿಗೂ ಅನುಸರಿಸುವವರ ಗುಂಪೂ ಅಲ್ಲಿ ದೊಡ್ಡದಿದೆ. ಸಣ್ಣ ಮಕ್ಕಳಿಗೆ ಹದಿನೈದು ಇಪ್ಪತ್ತು ನಿಮಿಷದ ಪಾಠ, ಓದಿ ಹೇಳಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವುದು, ಹೊರಗೆ ಕಂಡದ್ದಕ್ಕೊಂದು ಚಿತ್ರದ ಪುಸ್ತಕ. ಈ ಮೂರನ್ನೂ ಬರೆದಿಟ್ಟುಕೊಂಡೆ. ದುಡ್ಡಿನ ಖರ್ಚಿಲ್ಲ.

ನಮ್ಮಲ್ಲಿ ಕಾನೂನು ಏನನ್ನುತ್ತದೆ ಅಂತಲೂ ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳದ್ದು. ಚಿನ್ನಿಗೆ ನವೆಂಬರ್ ತನಕ ಅದರ ಗೊಡವೆ ಇಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಹತ್ತನೇ ಸೆಕ್ಷನ್ ಹೇಳುತ್ತದೆ. ಸೇರಿಸದವರಿಗೆ ಶಿಕ್ಷೆ ಏನೂ ಹೇಳಿಲ್ಲ. ಮನೆಯಲ್ಲಿ ಕಲಿಸುವವರ ಬಗ್ಗೆ ಪರವೂ ಇಲ್ಲ, ವಿರೋಧವೂ ಇಲ್ಲ. ನನಗೆ ಧೈರ್ಯ ಬಂದದ್ದು ನಾಲ್ಕನೇ ಸೆಕ್ಷನ್ ಓದಿ. ಶಾಲೆಗೆ ಸೇರದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ವಾಪಸ್ ಹೋಗುವ ಬಾಗಿಲು ತೆರೆದೇ ಇದೆ. ಇದನ್ನು ಇವರಿಗೆ ಓದಿ ಹೇಳಿದ ಮೇಲೆ ಆ ಪೆಟ್ಟಿಗೆಯ ಸುದ್ದಿ ನಿಂತಿತು.

20 ಮೇ, ಮಂಗಳವಾರ

ಇಷ್ಟು ದಿನ ಅತ್ತೆ ಸುಮ್ಮನಿದ್ದರು. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು ಸುಮ್ಮನಿದ್ದಾರೆ ಅಂದರೆ ಒಪ್ಪಿಗೆಯಿಲ್ಲ ಅಂತಲೇ ಲೆಕ್ಕ. ಇವತ್ತು ನಾನು ಪೇಟೆಯಿಂದ ವರ್ಣಮಾಲೆಯ ಚಾರ್ಟು ತಂದು ಗೋಡೆಗೆ ಹಚ್ಚುವಾಗ ಬಾಯಿ ಬಿಟ್ಟರು. "ಅದನ್ನೆಂಥಕ್ಕೆ ಹಚ್ತೀಯ? ಙ, ಞ ಹೇಳಿ ಕೊಡೋದ್ರೊಳಗೆ ಮಳೆಗಾಲ ಮುಗೀತದೆ."

ಒಳಗೆ ಹೋಗಿ ಟ್ರಂಕು ತೆಗೆದರು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಅವರೇ ಬರೆದ ನಲಿಕಲಿ ಕಾರ್ಡುಗಳ ಕಟ್ಟು. ಅಂಚಿಗೆಲ್ಲ ಸೆಲ್ಲೋಟೇಪು, ಮೂಲೆಯಲ್ಲಿ ಚಟುವಟಿಕೆಯ ಗುರುತಿಗೊಂದು ಸಣ್ಣ ಚಿತ್ರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳು ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ ಕಲಿಕೆಯ ಪದ್ಧತಿ ಈ ನಲಿಕಲಿ. ಅದಕ್ಕೂ ಮುಂಚೆ ಅವರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದಿದ್ದರು. ಅತ್ತೆಗೆ ತರಬೇತಿ ಬಂದದ್ದು ಎಷ್ಟೋ ವರ್ಷದ ಮೇಲೆ. ಮೊದಮೊದಲು ಅವರೂ ಬೈದುಕೊಂಡೇ ಮಾಡಿದರಂತೆ.

ಮೊದಲ ಕಾರ್ಡಿನಲ್ಲಿ ಐದೇ ಅಕ್ಷರ: ರ, ಗ, ಸ, ದ, ಅ. ಅತ್ತೆ ಅವನ್ನು ನೆಲದ ಮೇಲೆ ಹರಡಿ ಜೋಡಿಸುತ್ತ ಹೋದರು. ಸರ. ದರ. ಅರಸ. ಅಗಸ. ಕೊನೆಗೆ ಗರಗಸ. ಒಂದು ಇಳಿಯಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಐದು ಅಕ್ಷರ ಕಲಿತ ವಾರದಲ್ಲೇ ಮಗು ಓದಿದ ಹಾಗಾಯಿತು. ನಾನು ನಲವತ್ತೊಂಬತ್ತನ್ನೂ ಕಂಠಪಾಠ ಮಾಡಿ, ಬಳ್ಳಿ ತಿದ್ದಿ, ಮೊದಲ ಪದ ಓದುವ ಹೊತ್ತಿಗೆ ಒಂದನೇ ಕ್ಲಾಸು ಅರ್ಧ ಮುಗಿದಿತ್ತು. ಎಷ್ಟೊಂದು ಕಡೆ ಹುಡುಕಿದೆ! ಇದು ಅಟ್ಟದ ಕೆಳಗಿನ ಟ್ರಂಕಿನಲ್ಲಿತ್ತು.

ಚಾರ್ಟು ಹಿಂದೆ ಕೊಡಲಿಲ್ಲ, ಬಾಗಿಲ ಹಿಂದೆ ಇದೆ. ಇರಲಿ.

3 ಜೂನ್, ಮಂಗಳವಾರ

ಮಳೆ ಈ ಸಲ ಮೇ ಕೊನೆಗೇ ಹಿಡಿಯಿತು. ಶಾಲೆಗಳೂ ಅದೇ ವಾರ, 29ಕ್ಕೆ ತೆರೆದವು. ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲದೆ ಹೋಗುವುದನ್ನು ಚಿನ್ನಿ ಜಗಲಿಯಲ್ಲಿ ನಿಂತು ನೋಡಿದಳು. ಬೇಜಾರಾಯಿತೇ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಹೌದು ಅಂತಾಳೆ.

ಬೆಳಿಗ್ಗೆ ತಿಂಡಿಗೆ ಮುಂಚೆ ಇಪ್ಪತ್ತು ನಿಮಿಷ ಅಕ್ಷರ, ಅತ್ತೆಯ ಜೊತೆ. ಮಧ್ಯಾಹ್ನ ಅಷ್ಟೇ ಹೊತ್ತು ಗಣಿತ, ನನ್ನ ಜೊತೆ. ರಾತ್ರಿ ಕಥೆ, ಅಪ್ಪನ ಪಾಲು. ಪ್ರಥಮ್ ಬುಕ್ಸಿನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆ ಪುಕ್ಕಟೆ ಸಿಗುತ್ತವೆ. ಕರೆಂಟು, ನೆಟ್‌ವರ್ಕು ಎರಡೂ ಒಟ್ಟಿಗೆ ಇರುವ ದಿನ ಒಂದಷ್ಟು ಇಳಿಸಿಕೊಂಡು ಪೇಟೆಯಲ್ಲಿ ಪ್ರಿಂಟ್ ಹಾಕಿಸಿದ್ದೇನೆ.

12 ಜೂನ್, ಗುರುವಾರ

ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಅಡಿಕೆಗೆ ಕೊಳೆ ಔಷಧಿ ಹೊಡೆಯುವವರು ಓಡಿ ಬಂದರು. ಇನ್ನೆಲ್ಲಿಯ ಅಕ್ಷರ!

ಚಿನ್ನಿಯನ್ನು ಡ್ರಮ್ಮಿನಿಂದ ದೂರ, ಮೆಟ್ಟಿಲ ಮೇಲೆ ಕೂರಿಸಿದ್ದೆ. ಮೈಲುತುತ್ತ ಒಂದು ಕೆಜಿ ಒಂದು ಡ್ರಮ್ಮಿಗೆ, ಸುಣ್ಣ ಒಂದು ಕೆಜಿ ಇನ್ನೊಂದಕ್ಕೆ, ಎರಡೂ ಸೇರಿ ನೀರು ನೂರು ಲೀಟರ್. ಬೆರೆಸಿದ ಮೇಲೆ ಇವರು ಕತ್ತಿಯ ಅಲಗನ್ನು ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪು ಕೂತಿತ್ತು. ಸುಣ್ಣದ ತಿಳಿ ಹಾಕಿ, ಕತ್ತಿ ಉಜ್ಜಿ ಮತ್ತೆ ಅದ್ದಿದರು. ಈ ಸಲ ಕೆಂಪು ಕೂರಲಿಲ್ಲ, ಸರಿಯಾಯಿತು. "ಕತ್ತಿಗೆ ರಕ್ತ ಎಲ್ಲಿಂದ ಬಂತು ಅಪ್ಪ?" ಅಂದಳು. ರಕ್ತ ಅಲ್ಲ, ನೀಲಿ ನೀರಿನಲ್ಲಿ ತಾಮ್ರ ಇದೆ, ಸುಣ್ಣ ಕಮ್ಮಿ ಆದರೆ ಅದು ಬಂದು ಕಬ್ಬಿಣಕ್ಕೆ ಅಂಟುತ್ತದೆ ಅಂದರು. ಪೂಜೆಯ ತಂಬಿಗೆಯ ತಾಮ್ರವಾ? ಹೌದು, ಅದೇ. ಸಂಜೆ ಅವಳು ಹೇಳಿದ್ದನ್ನು ನಾನು ಬರೆದುಕೊಂಡೆ, ಮೇಲೆ ಅವಳು ಕೆಂಪು ಕತ್ತಿಯ ಚಿತ್ರ ಬಿಡಿಸಿದಳು.

ಪರಿಸರ ಅಧ್ಯಯನಕ್ಕೆ ಬೇರೆ ಪುಸ್ತಕ ಕೊಳ್ಳುವುದಿಲ್ಲ ಎಂದು ಇವತ್ತು ತೀರ್ಮಾನ. ಹಾಗಂತ ತೋಟವೇ ಪಾಠಶಾಲೆ ಅನ್ನುವ ಪೇಟೆಯವರ ಮಾತಿಗೆ ನನ್ನ ಸಹಿ ಇಲ್ಲ. ತೋಟ ತಾನಾಗಿ ಯಾರಿಗೂ ಏನೂ ಕಲಿಸುವುದಿಲ್ಲ, ಇಂಬಳ ಹತ್ತಿಸಿ ಕಳಿಸುತ್ತದೆ. ಕತ್ತಿ ಅದ್ದಿ ತೋರಿಸಿ, ಕೇಳಿದ್ದಕ್ಕೆ ಉತ್ತರ ಕೊಡುವವರು ಪಕ್ಕದಲ್ಲಿರಬೇಕು. ಇವರಿಗೆ ಅಂಥ ಪುರುಸೊತ್ತು ವರ್ಷಕ್ಕೆ ಎಷ್ಟು ದಿನ ಸಿಗುತ್ತದೋ.

29 ಜೂನ್, ಭಾನುವಾರ

ಎರಡನೇ ಕಾರ್ಡು: ಜ, ವ, ಮ, ಬ, ನ. ಇಲ್ಲಿ ಗಾಡಿ ಹೂತಿತು. ವ ಮತ್ತು ಮ ಅದಲು ಬದಲು, ಬ ಕಂಡರೆ ಅಳು. ಅತ್ತೆಗೆ ಕಾರಣ ಗೊತ್ತಿತ್ತು. ನಲಿಕಲಿಯಲ್ಲಿ ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಶಿಕ್ಷಕರ ಪೂರ್ತಿ ಸಹಾಯ, ಅರೆ ಸಹಾಯ, ಗೆಳೆಯರ ಪೂರ್ತಿ ಸಹಾಯ, ಅರೆ ಸಹಾಯ, ಕೊನೆಗೆ ತಾನೇ ಕಲಿಯುವುದು. ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೆಯಲ್ಲಿ. "ಐದರಲ್ಲಿ ಎರಡು ಗುಂಪು ನಮ್ಮನೇಲಿ ಇಲ್ವೇ ಇಲ್ಲ. ನಾನೂ ನೀನೂ ಇಬ್ರೂ ಮೇಷ್ಟ್ರಾದ್ರೆ ಹುಡುಗಿ ಏನು ಮಾಡ್ತದೆ?" ಅಂದರು.

ಹಾಗಾಗಿ ಮೇಲಿನ ಮನೆಯ ರೂಪಳನ್ನು ಕರೆಸಿದ್ದಾಯಿತು. ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ, ಅದೇ ವ್ಯಾನು. ಬಂದವಳೇ ಅಡಿಗೆ ಮನೆಯಿಂದ ಸೌಟು ಹಿಡಿದುಕೊಂಡು "ಕೈ ಕಟ್ಟಿ, ಬಾಯಿ ಮುಚ್ಚಿ" ಅಂದಳು. ನಾನು ಎದ್ದು ಹೋಗಿ ನಿಲ್ಲಿಸುವವಳಿದ್ದೆ, ಅತ್ತೆ ಕಣ್ಣಲ್ಲೇ ತಡೆದರು. ಚಿನ್ನಿ ಕೈ ಕಟ್ಟಿ ಕೂತಳು, ನನ್ನೆದುರು ಯಾವತ್ತೂ ಕೂರದವಳು. ಕಾಫಿ ಹೊತ್ತಿಗೆ ಇಬ್ಬರೂ ನೆಲದ ಮೇಲೆ ಮರ, ವನ, ನಗರ, ಬಸವ ಜೋಡಿಸಿದ್ದರು. ಗರಗಸವನ್ನು ಮರದ ಪಕ್ಕದಲ್ಲೇ ಇಟ್ಟದ್ದು ಚಿನ್ನಿಯ ಬುದ್ಧಿ.

ಆಮೇಲೆ ಇನ್ನೊಂದು ಕಂಡಿತು. ರೂಪ ಮೇಷ್ಟ್ರಾಗುವ ಮುಂಚೆ ಒಂದೊಂದು ಪದವನ್ನೂ ತುಟಿಯಲ್ಲೇ ಕೂಡಿಸಿ ನೋಡಿಕೊಳ್ಳುತ್ತಿದ್ದಳು. ಅವಳಿಗೂ ಕನ್ನಡ ಓದು ಅಷ್ಟಕ್ಕಷ್ಟೇ. ಅತ್ತೆ ಅವಳ ಅಮ್ಮನಿಗೆ ಹೇಳಿ ಕಳಿಸಿದ್ದಾರೆ, ಪ್ರತಿ ಭಾನುವಾರ ಬರಲಿ, ಹೋಗುವಾಗ ಕೊಟ್ಟೆಕಡುಬು ಕಟ್ಟಿ ಕೊಡ್ತೇನೆ ಅಂತ.

13 ಜುಲೈ, ಭಾನುವಾರ

ಗಣಿತದ ಕಥೆ ಬರೆಯದೆ ಬಹಳ ದಿನವಾಯಿತು. ಎನ್‌ಸಿಇಆರ್‌ಟಿಯ ಒಂದನೇ ಕ್ಲಾಸಿನ ಹೊಸ ಪುಸ್ತಕವನ್ನೇ ಇಟ್ಟುಕೊಂಡಿದ್ದೇನೆ, 2023ರದು, ಪಿಡಿಎಫ್ ಪುಕ್ಕಟೆ. ಮೊದಲ ಎರಡು ಪಾಠದಲ್ಲಿ ಲೆಕ್ಕವೇ ಇಲ್ಲ: ಒಳಗೆ ಹೊರಗೆ, ಮೇಲೆ ಕೆಳಗೆ, ಉದ್ದ, ಉರುಟು. ಒಂದರಿಂದ ಒಂಬತ್ತು ಬರುವುದು ಮೂರನೇ ಪಾಠದಲ್ಲಿ, ಅದೂ ಮಾವಿನ ಹಣ್ಣಿನ ಜೊತೆ. ಯುಕೆಜಿಯಲ್ಲಿ ನೂರರವರೆಗೆ ಬರೆದು ಬಂದವಳಿಗೆ ಇದು ಹಿಂದಕ್ಕೆ ಹೋದ ಹಾಗಲ್ಲವೇ ಅಂತ ಇವರ ಪ್ರಶ್ನೆ. ನೂರರವರೆಗೆ ಬರೆಯುತ್ತಾಳೆ, ನಿಜ. ಏಳಕ್ಕೆ ಎಷ್ಟು ಸೇರಿದರೆ ಹತ್ತು ಅಂದರೆ ಮುಖ ನೋಡುತ್ತಾಳೆ.

ದೆಹಲಿಯ ಜೋಡೋಗ್ಯಾನ್ ಸಂಸ್ಥೆಯವರ ಗಣಿತಮಾಲೆಯ ಮಾದರಿಯಲ್ಲಿ ನಾವೇ ಒಂದು ಪೋಣಿಸಿದೆವು. ಹತ್ತು ಕೆಂಪು ಮಣಿ, ಹತ್ತು ಬಿಳಿ, ಹೀಗೆ ನೂರು. ಜಗಲಿಯ ಎರಡು ಕಂಬಕ್ಕೆ ಕಟ್ಟಿದ್ದೇವೆ. ಬಟ್ಟೆ ಕ್ಲಿಪ್ಪನ್ನು ಎಲ್ಲೋ ಒಂದು ಕಡೆ ಸಿಕ್ಕಿಸಿ ಎಷ್ಟು ಅಂತ ಕೇಳುವುದು. ಮೊದಲು ಒಂದೊಂದೇ ಮಣಿ ಮುಟ್ಟಿ ಎಣಿಸುತ್ತಿದ್ದಳು. ಇವತ್ತು ಕೆಂಪು, ಬಿಳಿ, ಕೆಂಪು ಎಂದು ಮೂರು ಸಲ ಗಾಳಿಯಲ್ಲೇ ಕೈ ಬೀಸಿ, ಆಮೇಲೆ ಬಿಳಿಯಲ್ಲಿ ಏಳು ಎಣಿಸಿ ಮೂವತ್ತೇಳು ಅಂದಳು. ನಲವತ್ತಕ್ಕೆ ಎಷ್ಟು ಬೇಕು? ಕ್ಲಿಪ್ಪಿನ ಆಚೆಗಿದ್ದ ಬಿಳಿಯ ಕಡೆ ನೋಡಿ "ಮೂರು". ಎಣಿಸಲಿಲ್ಲ, ನೋಡಿದ್ದಷ್ಟೇ.

ಮಗ್ಗಿ ಯಾವಾಗ ಅಂತ ಅತ್ತೆ, ಇವರು ಇಬ್ಬರೂ ಒಂದಾಗಿ ಕೇಳುತ್ತಿದ್ದಾರೆ. ಈ ವಿಷಯದಲ್ಲಿ ನಾನೊಬ್ಬಳೇ. ಎರಡರ ಮಗ್ಗಿ ಅತ್ತೆ ಆಗಲೇ ದೀಪ ಹಚ್ಚುವಾಗ ಬಾಯಿಪಾಠ ಮಾಡಿಸಿದ್ದಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

24 ಜುಲೈ, ಗುರುವಾರ

ಶಿಕ್ಷಣ ಇಲಾಖೆಯ ಸಿಆರ್‌ಪಿ ಬಂದಿದ್ದರು, ಕೊಡೆ ಹಿಡಿದು, ಪ್ಯಾಂಟು ಮಡಚಿಕೊಂಡು. ಶಾಲೆಗೆ ಸೇರದ ಮಕ್ಕಳ ಪಟ್ಟಿ ಮಾಡುವುದಿತ್ತಂತೆ. ವಯಸ್ಸು ಕೇಳಿದರು, ಆರು ತುಂಬಿಲ್ಲ ಅಂದೆ. ಹಾಗಾದರೆ ಈಗ ಬರೆಯುವುದಿಲ್ಲ, ತುಂಬಿದ ಮೇಲೆ ಬರೆಯಬೇಕಾಗುತ್ತದೆ ಅಂದರು. ಗದರಿಸಲಿಲ್ಲ. ಕಾಫಿ ಕುಡಿಯುತ್ತ ಅತ್ತೆಯ ಕಾರ್ಡುಗಳನ್ನು ತಿರುವಿ ಹಾಕಿದರು. "ಟೀಚರ್, ಇವನ್ನ ಇನ್ನೂ ಇಟ್ಕೊಂಡಿದ್ದೀರಾ?" ಎಂದು ನಕ್ಕರು. ಮನೆಯಲ್ಲೇ ಮುಂದುವರಿಸುವುದಾದರೆ ಓಪನ್ ಸ್ಕೂಲ್ ಇದೆ, ಅವರ ಎ ಹಂತ ಮೂರನೇ ಕ್ಲಾಸಿಗೆ ಸಮ, ಬಿ ಐದಕ್ಕೆ, ಸಿ ಎಂಟಕ್ಕೆ ಅಂತ ನಾನೇ ಓದಿಕೊಂಡದ್ದನ್ನು ಒಪ್ಪಿಸಿದೆ. "ಅಷ್ಟು ದೂರ ಈಗ್ಲೇ ಹೋಗ್ಬೇಡಿ. ಪಕ್ಕದೂರಿನ ಶಾಲೆಗೂ ನಾಲ್ಕು ಮಕ್ಕಳು ಬೇಕಾಗಿದ್ದಾರೆ, ಅಲ್ಲಿಯ ಮೇಡಂ ಒಳ್ಳೆಯವರು" ಅಂದರು.

ಪಕ್ಕದೂರು ಅಂದರೆ ಹೊಳೆಯ ಆಚೆ. ಮಳೆಗಾಲ ಕಳೆದರೆ ಕಾಲುಸಂಕ ದಾಟಿ ನಡೆದು ಹೋಗುವಷ್ಟು ಹತ್ತಿರ. ಇಷ್ಟು ದಿನ ಆ ಶಾಲೆ ನಮ್ಮ ಲೆಕ್ಕದಲ್ಲೇ ಇರಲಿಲ್ಲ, ಇಂಗ್ಲಿಷ್ ಇಲ್ಲ ಅಂತ. ಇಂಗ್ಲಿಷನ್ನು ಈಗ ಬಾಯಿಮಾತಿಗಷ್ಟೇ ಇಟ್ಟಿದ್ದೇವೆ, ಕನ್ನಡ ಓದು ನಿಂತ ಮೇಲೆ ಅಕ್ಷರ. ಹಾಗಿದ್ದ ಮೇಲೆ ಆ ಶಾಲೆ ಯಾಕಾಗಬಾರದು? ಅಲ್ಲಿ ಐದು ಗುಂಪೂ ಇರುತ್ತವೆ ಅಂತ ಅತ್ತೆ. ಈಗ ಚೆನ್ನಾಗಿ ನಡೆಯುತ್ತಿದೆಯಲ್ಲ, ಕೆಡಿಸುವುದೇಕೆ ಅಂತ ಇವರು. ಮನೆಪಾಠ ಬೇಡ ಅನ್ನುವ ಮುಖ ಮಾಡಿದ್ದವರು ಮತ್ತೆ ಶಾಲೆಯ ಕಡೆ, ಎಂಥ ಕಲಿಸ್ತೀಯ ಅಂತ ನನ್ನನ್ನು ಕೇಳಿದವರು ಈಗ ಮನೆಪಾಠದ ಕಡೆ ಕೂತಿದ್ದಾರೆ.

ನವೆಂಬರಿನಲ್ಲಿ ಕೂತು ಮಾತಾಡೋಣ ಎಂದಾಗಿದೆ. ಆ ಹೊತ್ತಿಗೆ ಕೊನೆ ಕೊಯ್ಲು ಶುರುವಾಗಿರುತ್ತದೆ, ಈ ಮನೆಯಲ್ಲಿ ಕೂರುವುದಕ್ಕಾಗಲಿ ಮಾತಾಡುವುದಕ್ಕಾಗಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.